ಮನೆಯ ಕಾರ್ಯಾಗಾರಕ್ಕೆ ಏರ್ ಕಂಪ್ರೆಸರ್: ಆಯ್ಕೆಯ ಕ್ರಮ

ಅದುಮಿಟ್ಟ ಗಾಳಿಯಿಂದ ನಡೆಯುವ ಉಪಕರಣಗಳು ಈಗ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಮನೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ಮರಗೆಲಸ, ಪೀಠೋಪಕರಣಗಳ ಪಾಲಿಶ್ ಅಥವಾ ದ್ವಿಚಕ್ರ ವಾಹನಗಳ ದುರಸ್ತಿ ಕೈಗೊಂಡವರೂ ಮೊಳೆ ಹೊಡೆಯುವ ಗನ್, ಸ್ಪ್ರೇ ಗನ್, ಇಂಪ್ಯಾಕ್ಟ್ ರೆಂಚ್ ಮುಂತಾದುವನ್ನು ಬಳಸುತ್ತಿದ್ದಾರೆ. ಇವೆಲ್ಲಕ್ಕೂ ಗಾಳಿಯನ್ನು ಒದಗಿಸುವ ಯಂತ್ರವೇ ಏರ್ ಕಂಪ್ರೆಸರ್.

ಇದನ್ನು ಕೊಳ್ಳುವವರಲ್ಲಿ ಅನೇಕರು ಉಳಿತಾಯದ ಅಥವಾ ಸಾಲದ ಹಣವನ್ನು ತೊಡಗಿಸುತ್ತಾರೆ. ಬಡಗಿ, ಕಮ್ಮಾರ ಮೊದಲಾದ 18 ಕಸುಬುಗಳವರಿಗಾಗಿ 2023ರ ಸೆಪ್ಟೆಂಬರ್ 17ರಂದು ಆರಂಭಗೊಂಡ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಗಳಿಗೆ 15,000 ರೂಪಾಯಿವರೆಗಿನ ಪ್ರೋತ್ಸಾಹಧನವೂ ಶೇಕಡಾ 5ರ ಬಡ್ಡಿಯಲ್ಲಿ ಎರಡು ಕಂತುಗಳಾಗಿ ಒಟ್ಟು 3 ಲಕ್ಷ ರೂಪಾಯಿವರೆಗಿನ ಸಾಲವೂ ಸೇರಿವೆ. ಹೀಗೆ ಪಡೆದ ಹಣದಿಂದ ಕೊಂಡ ಯಂತ್ರವು ಕೆಲಸಕ್ಕೆ ಒದಗದೆ ಹೋದರೆ ಹಣದೊಡನೆ ದುಡಿಮೆಯೂ ನಿಲ್ಲುತ್ತದೆ. ಆದುದರಿಂದ ಆಯ್ಕೆಗೆ ಮುನ್ನ ಕೆಲವು ಅಂಶಗಳನ್ನು ತಿಳಿದಿರುವುದು ಅವಶ್ಯಕ.

ಮೊದಲು ಉಪಕರಣ, ಆಮೇಲೆ ಯಂತ್ರ

ಅಂಗಡಿಯಲ್ಲಿ ಸಾಮಾನ್ಯವಾಗಿ ಮೋಟಾರಿನ ಅಶ್ವಶಕ್ತಿ ಹಾಗೂ ಟ್ಯಾಂಕಿನ ಗಾತ್ರಗಳನ್ನೇ ಮುಂದಿಟ್ಟು ಬೆಲೆ ಹೇಳಲಾಗುತ್ತದೆ. ಆದರೆ ಉಪಕರಣವನ್ನು ನಡೆಸುವುದು ನಿಮಿಷಕ್ಕೆ ದೊರೆಯುವ ಗಾಳಿಯ ಪ್ರಮಾಣ ಮತ್ತು ಅದರ ಒತ್ತಡ. ಒತ್ತಡವನ್ನು ಬಾರ್‌ಗಳಲ್ಲಿ ಅಥವಾ ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆಯುತ್ತಾರೆ; 1 ಬಾರ್ ಸುಮಾರು 14.5 ಪೌಂಡಿಗೆ ಸಮ. ಗಾಳಿಯ ಪ್ರಮಾಣವನ್ನು ನಿಮಿಷಕ್ಕೆ ಇಷ್ಟು ಲೀಟರ್ ಅಥವಾ ಇಷ್ಟು ಘನ ಅಡಿ ಎಂದು ಸೂಚಿಸುತ್ತಾರೆ. 1 ಘನ ಅಡಿ ಎಂದರೆ 28.3 ಲೀಟರ್.

ಬಹುತೇಕ ಉಪಕರಣಗಳು 6ರಿಂದ 7 ಬಾರ್ ಒಳಗಿನ ಒತ್ತಡದಲ್ಲಿ ನಡೆಯುವುದರಿಂದ ಒತ್ತಡದ ವಿಷಯದಲ್ಲಿ ತೊಡಕು ಕಡಿಮೆ. ಗಾಳಿಯ ಪ್ರಮಾಣದಲ್ಲಾದರೋ ಅಪಾರ ವ್ಯತ್ಯಾಸವುಂಟು. ಸಣ್ಣ ಮೊಳೆ ಗನ್ ಒಂದು ಹೊಡೆತಕ್ಕೆ ಹೆಚ್ಚೆಂದರೆ ಒಂದೆರಡು ಲೀಟರ್ ಗಾಳಿಯನ್ನು ಬಳಸುತ್ತದೆ. ಸ್ಪ್ರೇ ಗನ್‌ಗೆ ಅದರ ಬಗೆಯನ್ನು ಅನುಸರಿಸಿ ನಿಮಿಷಕ್ಕೆ 150ರಿಂದ 400 ಲೀಟರ್ ಬೇಕಾಗಬಹುದು. ಗಾಳಿ ಚಾಲಿತ ಉಜ್ಜುವ ಯಂತ್ರಕ್ಕೆ 250 ಲೀಟರಿಗೂ ಮಿಗಿಲಾಗಿ, ಅದೂ ಎಡೆಬಿಡದೆ, ಬೇಕಾಗುತ್ತದೆ. ಉಪಕರಣದೊಡನೆ ಬರುವ ಕೈಪಿಡಿಯಲ್ಲಿ ಈ ಅಂಕಿಯನ್ನು ನಮೂದಿಸಿರುತ್ತಾರೆ. ಬಳಸಲಿರುವ ಉಪಕರಣಗಳಲ್ಲಿ ಹೆಚ್ಚು ಗಾಳಿ ಬೇಡುವುದನ್ನು ಗುರುತಿಸಿ, ಆ ಅಂಕಿಗೆ ಕಾಲು ಭಾಗವನ್ನು ಸೇರಿಸಿದರೆ ಯಂತ್ರದಿಂದ ದೊರೆಯಬೇಕಾದ ಗಾಳಿಯ ಅಂದಾಜು ಸಿಗುತ್ತದೆ.

ಎರಡು ಅಂಕಿಗಳ ಅಂತರ

ಕಂಪ್ರೆಸರಿನ ವಿವರಪಟ್ಟಿಯಲ್ಲಿ ಪಿಸ್ಟನ್ ಒಳಗೆಳೆಯುವ ಗಾಳಿ ಮತ್ತು ವಾಸ್ತವವಾಗಿ ಹೊರಬರುವ ಗಾಳಿ ಎಂಬ ಎರಡು ಅಂಕಿಗಳಿರಬಹುದು. ಮೊದಲನೆಯದು ಯಾವಾಗಲೂ ಹೆಚ್ಚಾಗಿರುತ್ತದೆ. ಆದರೆ ಕೆಲಸಕ್ಕೆ ಬರುವುದು ಎರಡನೆಯದೇ. ಸಣ್ಣ ಯಂತ್ರಗಳಲ್ಲಿ 6-7 ಬಾರ್ ಒತ್ತಡದಲ್ಲಿ 1 ಅಶ್ವಶಕ್ತಿಗೆ ನಿಮಿಷಕ್ಕೆ 3ರಿಂದ 4 ಘನ ಅಡಿ, ಅಂದರೆ 85ರಿಂದ 115 ಲೀಟರ್ ಗಾಳಿ ಹೊರಬರುವುದೆಂದು ಭಾವಿಸಬಹುದು. ಇದಕ್ಕಿಂತ ಬಹಳ ಹೆಚ್ಚಿನ ಅಂಕಿಯನ್ನು ಹೇಳಿದಲ್ಲಿ ಅದು ಯಾವ ಅಂಕಿಯೆಂದು ವಿಚಾರಿಸುವುದು ಒಳ್ಳೆಯದು.

ಟ್ಯಾಂಕಿನ ಪಾತ್ರ

ದೊಡ್ಡ ಟ್ಯಾಂಕು ಇದ್ದರೆ ಸಣ್ಣ ಮೋಟಾರು ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಇದನ್ನು ಒಂದು ಉದಾಹರಣೆಯಿಂದ ಪರೀಕ್ಷಿಸಬಹುದು. ನಿಮಿಷಕ್ಕೆ 100 ಲೀಟರ್ ಗಾಳಿ ನೀಡುವ ಯಂತ್ರಕ್ಕೆ 50 ಲೀಟರಿನ ಟ್ಯಾಂಕು ಇದೆಯೆನ್ನೋಣ. ಒತ್ತಡವು 8 ಬಾರ್ ತಲುಪಿದಾಗ ಮೋಟಾರು ತಾನಾಗಿ ನಿಂತು, 6 ಬಾರ್‌ಗೆ ಇಳಿದಾಗ ಮತ್ತೆ ಆರಂಭವಾಗುತ್ತದೆ. ಬಡಗಿಯೊಬ್ಬನು ಇದಕ್ಕೆ ನಿಮಿಷಕ್ಕೆ 150 ಲೀಟರ್ ಬೇಡುವ ಸ್ಪ್ರೇ ಗನ್ ಜೋಡಿಸಿ ಬಾಗಿಲಿಗೆ ಪಾಲಿಶ್ ಹಾಕತೊಡಗುತ್ತಾನೆ.

ಟ್ಯಾಂಕಿನ ಒತ್ತಡ 1 ಬಾರ್ ಇಳಿದಾಗ ದೊರೆಯುವ ಗಾಳಿಯು ಟ್ಯಾಂಕಿನ ಗಾತ್ರದಷ್ಟೇ, ಅಂದರೆ 50 ಲೀಟರ್. ಆದ್ದರಿಂದ 8ರಿಂದ 6 ಬಾರ್‌ಗೆ ಇಳಿಯುವಾಗ 100 ಲೀಟರ್ ದೊರೆತು, 40 ಸೆಕೆಂಡುಗಳಲ್ಲಿ ಅದು ಮುಗಿಯುತ್ತದೆ. ಅಲ್ಲಿಂದ ಮೋಟಾರು ನಡೆಯುತ್ತಿದ್ದರೂ ನಿಮಿಷಕ್ಕೆ 50 ಲೀಟರಿನ ಕೊರತೆ ಉಳಿದು, ಒತ್ತಡವು ನಿಮಿಷಕ್ಕೆ 1 ಬಾರ್‌ನಂತೆ ಕುಸಿಯುತ್ತದೆ. ಗನ್‌ಗೆ 4 ಬಾರ್ ಬೇಕಿದ್ದರೆ ಮತ್ತೆರಡು ನಿಮಿಷಗಳಲ್ಲಿ ಕೆಲಸ ನಿಲ್ಲಿಸಬೇಕು. ಟ್ಯಾಂಕು ಪುನಃ ತುಂಬಲು 2 ನಿಮಿಷ ಕಾಯಬೇಕು. ಅಷ್ಟರಲ್ಲಿ ಹಲಗೆಯ ಮೇಲಿನ ಪಾಲಿಶ್ ಅರೆ ಒಣಗಿ, ಎರಡು ಪದರಗಳು ಕೂಡುವಲ್ಲಿ ಗೆರೆ ಮೂಡುತ್ತದೆ.

ಟ್ಯಾಂಕನ್ನು 100 ಲೀಟರಿಗೆ ಹೆಚ್ಚಿಸಿದರೆ ಕೆಲಸದ ಅವಧಿ ಇಮ್ಮಡಿಯಾಗುತ್ತದೆ. ಕಾಯುವ ಅವಧಿಯೂ ಇಮ್ಮಡಿಯಾಗುತ್ತದೆ. ಟ್ಯಾಂಕು ಗಾಳಿಯನ್ನು ಕೂಡಿಡುತ್ತದೆಯೇ ಹೊರತು ಉತ್ಪಾದಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಬಿಟ್ಟು ಬಿಟ್ಟು ಮೊಳೆ ಹೊಡೆಯುವವರಿಗೆ 1 ಅಶ್ವಶಕ್ತಿಯ ಯಂತ್ರ ಮತ್ತು 25ರಿಂದ 50 ಲೀಟರಿನ ಟ್ಯಾಂಕು ಧಾರಾಳವಾಗಿ ಸಾಕು. ಸತತವಾಗಿ ಬಣ್ಣ ಸಿಂಪಡಿಸುವವರಿಗೆ ಕನಿಷ್ಠ 2 ಅಶ್ವಶಕ್ತಿ ಅಗತ್ಯ. ಉಜ್ಜುವ ಕೆಲಸಕ್ಕೆ ಮನೆಯಲ್ಲಿ ವಿದ್ಯುತ್ ಚಾಲಿತ ಯಂತ್ರವನ್ನೇ ಬಳಸುವುದು ಲಾಭಕರ.

ಎಣ್ಣೆ, ಸದ್ದು ಮತ್ತು ವಿದ್ಯುತ್

ಎಣ್ಣೆರಹಿತ ಸಣ್ಣ ಯಂತ್ರಗಳು ಹಗುರವಾಗಿದ್ದು ನಿರ್ವಹಣೆಯೂ ಸುಲಭ. ಆದರೆ ಸಾಮಾನ್ಯವಾಗಿ ಸದ್ದು ಹೆಚ್ಚು, ಬಾಳಿಕೆ ಕಡಿಮೆ. ಎಣ್ಣೆ ಹಾಕಿ ನಡೆಸುವ, ಬೆಲ್ಟು ಜೋಡಿಸಿದ ಯಂತ್ರಗಳು ಭಾರವಾಗಿದ್ದರೂ ದೀರ್ಘಕಾಲ ದುಡಿಯುತ್ತವೆ. ಇವುಗಳ ಗಾಳಿಯಲ್ಲಿ ಎಣ್ಣೆಯ ಕಣಗಳು ಬೆರೆಯುವುದರಿಂದ ಬಣ್ಣದ ಕೆಲಸಕ್ಕೆ ಫಿಲ್ಟರ್ ಅಳವಡಿಸಬೇಕು.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ಉಳಿದ ವೇಳೆಯಲ್ಲಿ 45 ಡೆಸಿಬೆಲ್ ಮಿತಿಯಿದೆ. ಒತ್ತೊತ್ತಾಗಿ ಮನೆಗಳಿರುವ ಕಡೆ ಯಂತ್ರವನ್ನು ರಬ್ಬರ್ ಹಾಸಿನ ಮೇಲೆ, ನೆರೆಯವರ ಗೋಡೆಯಿಂದ ದೂರದಲ್ಲಿ ಇಡುವುದು ಉಚಿತ.

ಮೋಟಾರು ಆರಂಭವಾಗುವ ಕ್ಷಣದಲ್ಲಿ ವಾಡಿಕೆಗಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. 2 ಅಶ್ವಶಕ್ತಿಯ ಯಂತ್ರಕ್ಕೆ ಸರಿಯಾದ ಅರ್ತಿಂಗ್ ಇರುವ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ ಇರಬೇಕು. ಕೆಲಸದ ಸ್ಥಳ ದೂರವಿದ್ದರೆ ತೆಳುವಾದ ವಿದ್ಯುತ್ ತಂತಿಯನ್ನು ಉದ್ದಗೊಳಿಸುವ ಬದಲು ಗಾಳಿಯ ಕೊಳವೆಯನ್ನೇ ಉದ್ದಗೊಳಿಸುವುದು ಲೇಸು.

ನೀರು ಮತ್ತು ಸುರಕ್ಷತೆ

ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಗಾಳಿಯ ತೇವಾಂಶವು ವಿಶೇಷ ಗಮನಕ್ಕೆ ಅರ್ಹವಾದುದು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡಾ 80ರ ಆರ್ದ್ರತೆಯಲ್ಲಿ 1 ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. 7 ಬಾರ್‌ಗೆ ಅದುಮಿದಾಗ ಗಾಳಿಯ ಗಾತ್ರವು ಎಂಟನೆಯ ಒಂದು ಪಾಲಾಗುತ್ತದೆ. ಅದು ತಣಿದ ಮೇಲೆ ಸುಮಾರು 4 ಗ್ರಾಂ ಆವಿ ಮಾತ್ರ ಉಳಿದು, ಮಿಕ್ಕ 20 ಗ್ರಾಂ ನೀರಾಗುತ್ತದೆ. ನಿಮಿಷಕ್ಕೆ 100 ಲೀಟರ್ ನೀಡುವ ಯಂತ್ರವು ಒಂದು ಗಂಟೆ ನಡೆದರೆ ಸುಮಾರು 120 ಗ್ರಾಂ ನೀರು ಸಂಗ್ರಹವಾಗುವ ಸಂಭವವಿದೆ. ಈ ನೀರು ಟ್ಯಾಂಕನ್ನು ಒಳಗಿನಿಂದ ತುಕ್ಕು ಹಿಡಿಸಿ ದುರ್ಬಲಗೊಳಿಸುತ್ತದೆ. ದುರ್ಬಲಗೊಂಡ ಟ್ಯಾಂಕು ಸಿಡಿದರೆ ಪ್ರಾಣಾಪಾಯ. ಪ್ರತಿದಿನದ ಕೆಲಸ ಮುಗಿದ ಕೂಡಲೇ ಕೆಳಭಾಗದ ನಲ್ಲಿಯನ್ನು ತೆರೆದು ನೀರನ್ನು ಹೊರಬಿಡಬೇಕು.

ಸೇಫ್ಟಿ ವಾಲ್ವನ್ನು ಎಂದಿಗೂ ಬಿಗಿದು ಮುಚ್ಚಬಾರದು. ನೀರಿಗೆ ಬಳಸುವ ಪಿ.ವಿ.ಸಿ. ಕೊಳವೆಗಳು ಚೂರುಚೂರಾಗಿ ಸಿಡಿಯುವುದರಿಂದ ಗಾಳಿಗೆ ಅವು ತಕ್ಕುದಲ್ಲ. ಗಾಳಿಯ ಕೊಳವೆಯನ್ನು ಯಾರ ಮೈಯತ್ತಲೂ ಹಿಡಿಯಬಾರದು. ತಮಾಷೆಗೆಂದು ದೇಹದೊಳಕ್ಕೆ ಗಾಳಿ ಹಾಯಿಸಿದ ಪ್ರಸಂಗಗಳಲ್ಲಿ ಕರುಳು ಹರಿದು ಸಾವು ಸಂಭವಿಸಿದೆ. ಕೆಲಸದ ವೇಳೆ ಕಣ್ಣಿಗೆ ಕನ್ನಡಕ ಕಡ್ಡಾಯ. ಮಕ್ಕಳನ್ನು ಯಂತ್ರದಿಂದ ದೂರವಿರಿಸಬೇಕು.

ಕೊಳ್ಳುವ ಮುನ್ನ ಪರೀಕ್ಷೆ

ಯಂತ್ರದ ನಿಜವಾದ ಸಾಮರ್ಥ್ಯವನ್ನು ಅಂಗಡಿಯಲ್ಲೇ ಅಳೆಯಬಹುದು. ಗಾಳಿ ಹೊರಹೋಗುವ ದ್ವಾರವನ್ನು ಮುಚ್ಚಿ ಯಂತ್ರವನ್ನು ನಡೆಸಿ, ಒತ್ತಡವು 6ರಿಂದ 8 ಬಾರ್‌ಗೆ ಏರಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡಬೇಕು. ಟ್ಯಾಂಕಿನ ಲೀಟರನ್ನು 2ರಿಂದ ಗುಣಿಸಿ, ಬಂದುದನ್ನು ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ದೊರೆಯುವ ಗಾಳಿ ತಿಳಿಯುತ್ತದೆ. 50 ಲೀಟರಿನ ಟ್ಯಾಂಕಿಗೆ 1 ನಿಮಿಷ ಹಿಡಿದರೆ 100 ಲೀಟರ್. ಅರ್ಧ ನಿಮಿಷ ಹಿಡಿದರೆ 200 ಲೀಟರ್. ಇದರೊಡನೆ ಟ್ಯಾಂಕಿನ ಒತ್ತಡ ಪರೀಕ್ಷೆಯ ಪ್ರಮಾಣಪತ್ರ, ಬಿಡಿಭಾಗಗಳ ಲಭ್ಯತೆ ಹಾಗೂ ಖಾತರಿಯ ಅವಧಿಯನ್ನು ವಿಚಾರಿಸಿ ರಸೀದಿ ಪಡೆಯಬೇಕು. ಹಳೆಯ ಯಂತ್ರವು ಅಗ್ಗವಾಗಿ ದೊರೆತರೂ, ಟ್ಯಾಂಕಿನ ಒಳಗಿನ ತುಕ್ಕು ಹೊರಗೆ ಕಾಣದಿರುವುದರಿಂದ, ಒತ್ತಡ ಪರೀಕ್ಷೆ ಮಾಡಿಸದೆ ಕೊಳ್ಳುವುದು ಕ್ಷೇಮಕರವಲ್ಲ.