ಎ.ಸಿ. ಕಂಟ್ರಾಕ್ಟರ್‌ಗೆ ಯಾವ ಲೈಸೆನ್ಸ್ ಬೇಕು?

ಹಾಸನಕ್ಕೆ ಬಡವರ ಊಟಿ ಅಂತ ಹೆಸರು. ಆದ್ರೂ ಏಪ್ರಿಲ್ ಬಂತು ಅಂದ್ರೆ ಇಲ್ಲಿನ ಎ.ಸಿ. ಮೆಕ್ಯಾನಿಕ್‌ಗಳ ಫೋನಿಗೆ ಬಿಡುವೇ ಇರೋದಿಲ್ಲ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗೋ ಬದಲು ಹಾಸನದಲ್ಲೋ, ಹೊಳೆನರಸೀಪುರದಲ್ಲೋ ಕೂಲಿಂಗ್, ಹೀಟಿಂಗ್ ಕೆಲಸದ ಒಂದು ಸಣ್ಣ ಕಂಪನಿ ತೆರೆಯೋಣ ಅನ್ನೋ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಇದಕ್ಕೆ ಲೈಸೆನ್ಸ್ ಏನಾದ್ರೂ ಬೇಕಾ?"

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಾದರೆ ಉತ್ತರ ಸುಲಭ. ಅಲ್ಲಿ ಹೀಟಿಂಗ್ ಮತ್ತು ಎ.ಸಿ. ಕಂಟ್ರಾಕ್ಟರ್‌ಗಳಿಗೇ ಅಂತ ಸಿ-20 ಎಂಬ ಪ್ರತ್ಯೇಕ ಲೈಸೆನ್ಸ್ ಇದೆ. ನಮ್ಮಲ್ಲಿ ಆ ಹೆಸರಿನ ಒಂದೇ ಕಾಗದ ಇಲ್ಲ. ಹಾಗಂತ ಏನೂ ಬೇಡ ಅಂತಲ್ಲ. ನಮ್ಮ ಕಾನೂನು ಕೆಲಸದ ಹೆಸರನ್ನು ನೋಡೋದಿಲ್ಲ, ಆ ಕೆಲಸದಲ್ಲಿ ನೀವು ಏನನ್ನು ಮುಟ್ಟುತ್ತೀರಿ ಅಂತ ನೋಡುತ್ತೆ. ಕರೆಂಟ್ ಮುಟ್ಟಿದರೆ ಒಂದು ಇಲಾಖೆ, ಹಬೆ ಮುಟ್ಟಿದರೆ ಇನ್ನೊಂದು, ಅಂಗಡಿ ತೆರೆದರೆ ಮತ್ತೊಂದು. ಒಂದೊಂದಾಗಿ ನೋಡೋಣ.

ಕರೆಂಟ್ ಮುಟ್ಟಿದರೆ

ಇಲ್ಲಿ ಮುಖ್ಯವಾದದ್ದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು. 2010ರಲ್ಲಿ ಬಂದವು, 2023ರಲ್ಲಿ ಹೊಸದಾದವು. ಸಾರಾಂಶ ಇಷ್ಟು: ಗ್ರಾಹಕರ ಜಾಗದಲ್ಲಿ ಹೊಸ ವೈರಿಂಗ್, ಸೇರ್ಪಡೆ, ಬದಲಾವಣೆ, ರಿಪೇರಿ ಏನೇ ಮಾಡಿದರೂ ಅದನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಇರೋ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಸಾಮರ್ಥ್ಯ ಪ್ರಮಾಣಪತ್ರ ಇರೋ ಸೂಪರ್‌ವೈಸರ್ ನೇರವಾಗಿ ನೋಡಿಕೊಳ್ಳಬೇಕು. ಕೈಯಿಟ್ಟು ಕೆಲಸ ಮಾಡೋನ ಹತ್ತಿರ ಪರ್ಮಿಟ್ ಇರಬೇಕು. ಅಂದ್ರೆ ಮೂರು ಜನ, ಮೂರು ಕಾಗದ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳೋದು ವಿದ್ಯುತ್ ಪರಿವೀಕ್ಷಣಾಲಯ.

ವಿನಾಯಿತಿಯೂ ಇದೆ. 250 ವೋಲ್ಟ್ ಮೀರದ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಗೃಹೋಪಯೋಗಿ ಉಪಕರಣ ಇವುಗಳನ್ನು ಬದಲಾಯಿಸಲು ಲೈಸೆನ್ಸ್ ಬೇಡ. ಆದರೆ ಷರತ್ತು ಒಂದೇ, ಆ ಬದಲಾವಣೆಯಿಂದ ವೈರಿಂಗ್ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು.

ಎ.ಸಿ. ಕೆಲಸಕ್ಕೆ ಈ ಷರತ್ತನ್ನು ಹಚ್ಚಿ ನೋಡಿ. ಇರೋ ಪಾಯಿಂಟ್‌ನಲ್ಲೇ ಹಳೇ ಎ.ಸಿ. ತೆಗೆದು ಅಷ್ಟೇ ಸಾಮರ್ಥ್ಯದ್ದು ಕೂರಿಸಿದರೆ ಅದು ಬರೀ ಬದಲಾವಣೆ. ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಹೊಸ ಲೈನ್ ಎಳೆದು, ಹೊಸ ಎಂಸಿಬಿ ಹಾಕಿ, 1.5 ಟನ್‌ನ ಎ.ಸಿ. ಸೇರಿಸಿದರೆ ಅದು ಸೇರ್ಪಡೆ. 1.5 ಟನ್ ಅಂದ್ರೆ ಸುಮಾರು 5.3 ಕಿಲೋವ್ಯಾಟ್ ತಂಪು, ಅದಕ್ಕೆ ಎಳೆಯೋ ಕರೆಂಟು ಸುಮಾರು 1.5 ಕಿಲೋವ್ಯಾಟ್. ಮಂಜೂರಾದ ಲೋಡ್ 2 ಅಥವಾ 3 ಕಿಲೋವ್ಯಾಟ್ ಇರೋ ಮನೆಗೆ ಇದು ಸಣ್ಣ ವಿಷಯವಲ್ಲ. ಆಗ ಹೆಚ್ಚುವರಿ ಲೋಡ್‌ಗೆ ಸೆಸ್ಕ್‌ಗೆ ಅರ್ಜಿ ಹಾಕಬೇಕು. ನಮ್ಮ ಜಿಲ್ಲೆ ಇರೋದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಯಲ್ಲಿ. ಜನ ಇನ್ನೂ ಕೆಇಬಿ ಅಂತಲೇ ಕರೀತಾರೆ, ಅದು ಬೇರೆ ಮಾತು.

ಬಿ.ಇ. ಸರ್ಟಿಫಿಕೇಟನ್ನೇ ಲೈಸೆನ್ಸ್ ಅಂತ ತಿಳಿದುಕೊಳ್ಳೋದು ಬೇಡ. ಹೀಟ್ ಲೋಡ್ ಲೆಕ್ಕ ಹಾಕೋಕೆ ನಮಗೆ ಬರುತ್ತೆ, ಸರಿ. ವೈರಿಂಗ್‌ಗೆ ಸಹಿ ಹಾಕೋ ಅಧಿಕಾರ ಬರೀ ಡಿಗ್ರಿಯಿಂದ ಬರೋದಿಲ್ಲ. ಒಂದೋ ಲೈಸೆನ್ಸ್ ತಗೋಬೇಕು, ಇಲ್ಲ ಲೈಸೆನ್ಸ್ ಇರೋ ಗುತ್ತಿಗೆದಾರರ ಜೊತೆ ಸೇರಬೇಕು.

ಹಬೆ, ಅಮೋನಿಯ, ಬ್ಯಾರನ್

ನಮ್ಮ ಕಡೆ ಹೀಟಿಂಗ್ ಅಂದ್ರೆ ಹೆಚ್ಚಾಗಿ ಗೀಸರ್ ಮತ್ತು ಸೋಲಾರ್ ವಾಟರ್ ಹೀಟರ್. ಇವು ಬಾಯ್ಲರ್ ಕಾಯ್ದೆಗೆ ಸಿಕ್ಕೋದಿಲ್ಲ. 1923ರ ಹಳೇ ಕಾಯ್ದೆಯ ಜಾಗಕ್ಕೆ ಈಗ 2025ರ ಬಾಯ್ಲರ್‌ಗಳ ಕಾಯ್ದೆ ಬಂದಿದೆ. 25 ಲೀಟರಿಗಿಂತ ಕಡಿಮೆ ಹಿಡಿಯೋ ಪಾತ್ರೆ, 100 ಡಿಗ್ರಿಗಿಂತ ಕೆಳಗೆ ನೀರು ಕಾಯಿಸೋ ಪಾತ್ರೆ ಇವೆಲ್ಲ ಎರಡರಲ್ಲೂ ಹೊರಗೇ. ಆದರೆ ಡೈರಿಗೋ ದೊಡ್ಡ ಅಡುಗೆಮನೆಗೋ ಒತ್ತಡದ ಹಬೆ ಕೊಡೋ ಬಾಯ್ಲರ್ ಕೆಲಸ ಹಿಡಿದರೆ ಕಥೆಯೇ ಬೇರೆ. ಬಾಯ್ಲರ್‌ಗೆ ನೋಂದಣಿ, ತಪಾಸಣೆ, ಬೆಸುಗೆ ಹಾಕೋನಿಗೆ ಪ್ರಮಾಣಪತ್ರ ಎಲ್ಲ ಬೇಕು. ಇದು ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯ ಕೆಲಸ.

ಹಾಸನದ ಆಲೂಗಡ್ಡೆ ನೆನಪಿಸಿಕೊಳ್ಳಿ. ಪಂಜಾಬ್ ಕಡೆಯಿಂದ ಬರೋ ಬಿತ್ತನೆಗೆಡ್ಡೆ ಮುಂಗಾರಿನ ತನಕ ಇಲ್ಲಿನ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಇರುತ್ತೆ. ಇಂಥ ದೊಡ್ಡ ಘಟಕಗಳಲ್ಲಿ ಸಾಮಾನ್ಯವಾಗಿ ಓಡೋದು ಅಮೋನಿಯ. ಅದು ತಾಮ್ರವನ್ನು ತಿನ್ನುತ್ತೆ, ಹಾಗಾಗಿ ಉಕ್ಕಿನ ಪೈಪೇ ಬೇಕು. ಸೋರಿದರೆ ವಿಷ. ವಸ್ತುಗಳನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡೋದನ್ನೂ 1948ರ ಕಾರ್ಖಾನೆಗಳ ಕಾಯ್ದೆ "ತಯಾರಿಕಾ ಪ್ರಕ್ರಿಯೆ" ಅಂತಲೇ ಎಣಿಸಿತ್ತು. ಗೋದಾಮು ಅಂತ ನಾವು ಅಂದುಕೊಂಡದ್ದು ಕಾನೂನಿನ ಕಣ್ಣಿಗೆ ಕಾರ್ಖಾನೆ. ಮನೆ ಎ.ಸಿ. ಕಲಿತವರು ನೇರವಾಗಿ ಅಲ್ಲಿಗೆ ಕೈಹಾಕೋದು ಬೇಡ.

ಅರಕಲಗೂಡಿಗೆ ಹೋದರೆ ಇನ್ನೊಂದು ಬಗೆಯ ಹೀಟಿಂಗ್ ಸಿಗುತ್ತೆ, ತಂಬಾಕು ಹದ ಮಾಡೋ ಬ್ಯಾರನ್. ಇದಕ್ಕೂ ತಂಬಾಕು ಮಂಡಳಿಯ ಲೈಸೆನ್ಸ್ ಬೇಕು. ಬಿಸಿಗಾಳಿಯ ಕೋಣೆಗೂ ಪರವಾನಗಿ ಇರೋ ತಾಲ್ಲೂಕು ನಮ್ಮ ಪಕ್ಕದಲ್ಲೇ ಇದೆ!

ಗ್ಯಾಸ್ ಮುಟ್ಟಿದರೆ

ಈಗ ಅಸಲು ವಿಷಯ. ವೈರ್ ಮುಟ್ಟೋನಿಗೆ ಪರ್ಮಿಟ್ ಬೇಕು, ಆದರೆ ಎ.ಸಿ.ಗೆ ಗ್ಯಾಸ್ ತುಂಬೋನಿಗೆ ಅಂಥ ಕಡ್ಡಾಯ ಪರ್ಮಿಟ್ ನಮ್ಮ ದೇಶದಲ್ಲಿಲ್ಲ. ಐಟಿಐನಲ್ಲಿ ಎರಡು ವರ್ಷದ ರೆಫ್ರಿಜರೇಷನ್ ಮತ್ತು ಎ.ಸಿ. ಟ್ರೇಡ್ ಇದೆ. 2019ರ ಮಾರ್ಚ್‌ನಲ್ಲಿ ಬಂದ ಭಾರತ ಕೂಲಿಂಗ್ ಆಕ್ಷನ್ ಪ್ಲಾನ್, 2022-23ರೊಳಗೆ ಒಂದು ಲಕ್ಷ ಟೆಕ್ನೀಷಿಯನ್‌ಗಳಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡೋ ಗುರಿ ಇಟ್ಟುಕೊಂಡಿತ್ತು. ಆದರೆ ಪ್ರಮಾಣಪತ್ರ ಇಲ್ಲದವನು ಸಿಲಿಂಡರ್ ಹಿಡಿದು ಬಂದರೆ ಬಾಗಿಲಲ್ಲಿ ತಡೆಯೋರು ಯಾರೂ ಇಲ್ಲ. ಅಮೆರಿಕದಲ್ಲಿ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ ಟೆಕ್ನೀಷಿಯನ್‌ಗೆ ಪ್ರಮಾಣಪತ್ರ ಕಡ್ಡಾಯ.

ಮುಂಚೆ ಆರ್-22 ಇದ್ದಾಗ ಬೆಂಕಿಯ ಭಯ ಅಷ್ಟಿರಲಿಲ್ಲ. ಓಝೋನ್ ಪದರಕ್ಕೆ ಹಾನಿ ಅಂತ ಅದನ್ನು ಹಂತಹಂತವಾಗಿ ಬಿಡ್ತಾ ಇದ್ದೇವೆ, 2025ರ ಜನವರಿ 1ರಿಂದ ಅದನ್ನು ಬಳಸಿ ಹೊಸ ಎ.ಸಿ. ತಯಾರಿಸೋ ಹಾಗಿಲ್ಲ. ಅದರ ಜಾಗಕ್ಕೆ ಬಂದಿರೋ ಆರ್-32 ಸ್ವಲ್ಪ ಉರಿಯುತ್ತೆ. ಆರ್-290 ಅಂದ್ರೆ ಪ್ರೊಪೇನ್, ಚೆನ್ನಾಗೇ ಉರಿಯುತ್ತೆ. ಒತ್ತಡವೂ ಹೆಚ್ಚು: 45 ಡಿಗ್ರಿಯಲ್ಲಿ ಆರ್-22ರ ಒತ್ತಡ ಸುಮಾರು 17 ಬಾರ್, ಆರ್-32ರದ್ದು ಸುಮಾರು 28 ಬಾರ್.

ಒಂದು ಲೆಕ್ಕ ಮಾಡಿ. 10 ಅಡಿ ಉದ್ದ, ಅಗಲ, ಎತ್ತರದ ಕೋಣೆಯ ಗಾತ್ರ 28.3 ಘನ ಮೀಟರ್. ಪ್ರೊಪೇನ್ ಹತ್ತಿಕೊಳ್ಳಲು ಘನ ಮೀಟರಿಗೆ ಸುಮಾರು 38 ಗ್ರಾಂ ಸಾಕು. ಇಡೀ ಕೋಣೆಗೆ ಸಮನಾಗಿ ಹರಡಿದರೆ 1 ಕೆಜಿಗಿಂತ ಹೆಚ್ಚು ಬೇಕು, ಮನೆ ಎ.ಸಿ.ಯಲ್ಲಿ ಇರೋದು ಕೆಲವೇ ನೂರು ಗ್ರಾಂ. ಸಮಾಧಾನ ಅನ್ನಿಸುತ್ತೆ ಅಲ್ವಾ? ಆದರೆ ಪ್ರೊಪೇನ್‌ನ ಅಣುಭಾರ 44, ಗಾಳಿಯದ್ದು 29. ಅದು ಹರಡೋ ಬದಲು ನೆಲಕ್ಕಿಳಿದು ಕೂರುತ್ತೆ. 2 ಘನ ಮೀಟರಿನ ಮೂಲೆಯಲ್ಲಿ 76 ಗ್ರಾಂ ನಿಂತರೆ ಸಾಕು, ಬ್ರೇಜಿಂಗ್ ಟಾರ್ಚ್ ಹಚ್ಚಿದವನ ಕೈ, ಮುಖ ಉಳಿಯೋದು ಕಷ್ಟ.

ಇನ್ನೊಂದು ಮಾತು. ಲೀಕ್ ಟೆಸ್ಟ್‌ಗೆ ಒಣ ನೈಟ್ರೋಜನ್ ಮಾತ್ರ. ಪಕ್ಕದಲ್ಲೇ ಸಿಕ್ಕಿತು ಅಂತ ಆಕ್ಸಿಜನ್ ತುಂಬಿದರೆ ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಸಿಡಿಯುತ್ತೆ. ಇದನ್ನು ಹೇಳಿಕೊಡೋಕೆ ಯಾವ ಇಲಾಖೆಯೂ ಮನೆ ಬಾಗಿಲಿಗೆ ಬರೋದಿಲ್ಲ.

ಅಂಗಡಿ ತೆರೆದರೆ

ಆಯಾ ಊರಿನ ನಗರ ಸ್ಥಳೀಯ ಸಂಸ್ಥೆಯಿಂದ ಟ್ರೇಡ್ ಲೈಸೆನ್ಸ್. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಡಿ ಕಾರ್ಮಿಕ ಇಲಾಖೆಯ ನೋಂದಣಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಬ್ರ್ಯಾಂಡ್ ಕಂಪನಿಯ ಡೀಲರ್‌ಶಿಪ್ ಪತ್ರ ಗೋಡೆಗೆ ನೇತುಹಾಕಬಹುದು, ಆದರೆ ಅದು ಸರ್ಕಾರದ ಲೈಸೆನ್ಸ್ ಅಲ್ಲ.

ಹಾಗಾದ್ರೆ ಏನು ಮಾಡೋಣ?

ಕಂಪನಿ ತೆರೆಯೋರು ಮೊದಲ ದಿನವೇ ಒಬ್ಬ ಅನುಮತಿ ಪಡೆದ ವಿದ್ಯುತ್ ಗುತ್ತಿಗೆದಾರರನ್ನು ಜೊತೆಗಿಟ್ಟುಕೊಳ್ಳಿ. ಚನ್ನರಾಯಪಟ್ಟಣದ ಹಳ್ಳಿಯ ಹಾಲಿನ ಕೂಲರ್ ಇರಲಿ, ಶ್ರವಣಬೆಳಗೊಳದ ಲಾಡ್ಜ್ ಇರಲಿ, ಲೈನ್ ಎಳೆಯೋ ಮೊದಲು ಮಂಜೂರಾದ ಲೋಡ್ ಎಷ್ಟು ಅಂತ ಬಿಲ್ ತೆಗೆದು ನೋಡಿ. ಗ್ಯಾಸ್ ಕೆಲಸಕ್ಕೆ ಕಾನೂನು ಕೇಳದಿದ್ದರೂ ತರಬೇತಿ ಆದ ಹುಡುಗರನ್ನೇ ಕಳಿಸಿ, ಇಲ್ಲದಿದ್ದರೆ ನಿಮ್ಮ ಖರ್ಚಲ್ಲಿ ತರಬೇತಿ ಕೊಡಿಸಿ. ಕೊಟೇಶನ್‌ನಲ್ಲಿ ನೈಟ್ರೋಜನ್ ಟೆಸ್ಟಿಗೆ, ಲೀಕ್ ಡಿಟೆಕ್ಟರಿಗೆ ಒಂದು ಸಾಲು ಬರೆಯಿರಿ. ಪಕ್ಕದ ಅಂಗಡಿಯವನಿಗಿಂತ ನಿಮ್ಮ ರೇಟು ಒಂದಿಷ್ಟು ಜಾಸ್ತಿ ಆಗಬಹುದು. ಗ್ರಾಹಕರು ಯಾಕೆ ಅಂತ ಕೇಳೇ ಕೇಳ್ತಾರೆ. ಆಗ ಈ 76 ಗ್ರಾಂ ಲೆಕ್ಕವನ್ನು ಅವರ ಎದುರಲ್ಲೇ ಮಾಡಿ ತೋರಿಸಿ.