ಡೊಮೇನಿಗೂ ಒಂದು ಪಹಣಿ

ಸಾಗರ, ಹೊಸನಗರ, ತೀರ್ಥಹಳ್ಳಿ, ಯಾವ ತಾಲ್ಲೂಕಿನ ತೋಟವೇ ಆಗಲಿ, ಅದು ಯಾರದು ಅಂತ ತಿಳಿಯಲು 'ಭೂಮಿ' ಜಾಲತಾಣ ತೆರೆಯುತ್ತೇವೆ. ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಪಹಣಿಯಲ್ಲಿ ಹೆಸರು ಸಿಗುತ್ತೆ. ಡೊಮೇನ್‌ಗೂ ಇಂಥದೇ ದಾಖಲೆ ಇದೆ: ಹೂಈಸ್. 2025ರ ಜನವರಿ 28ರಿಂದ ಡಾಟ್ ಕಾಮ್‌ನಂಥ ಡೊಮೇನ್‌ಗಳಿಗೆ ಅದರ ಜಾಗದಲ್ಲಿ ಆರ್‌ಡಿಎಪಿ ಬಂದಿದೆ.

ಜೋಗಕ್ಕೆ ಹೊರಟಿದ್ದೇವೆ ಅಂದುಕೊಳ್ಳೋಣ. ಹೋಂಸ್ಟೇ ಜಾಲತಾಣವೊಂದು ಪೂರ್ತಿ ಹಣ ಮುಂಗಡ ಕೇಳುತ್ತಿದೆ. ಕೊಡುವ ಮೊದಲು ಐಕಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಆ ಡೊಮೇನ್ ಹಾಕಿ ನೋಡೋಣ. ಡಾಟ್ ಇನ್ ಆದರೆ ನಿಕ್ಸಿಯ ಹೂಈಸ್ ಪುಟದಲ್ಲಿ.

ಮಾಲೀಕರ ಹೆಸರು ಬಹಳಷ್ಟು ಸಲ ಕಾಣುವುದೇ ಇಲ್ಲ. ಹಾಗಂದ ಮಾತ್ರಕ್ಕೆ ಮೋಸ ಅಂತಲ್ಲ. 2018ರ ಮೇ 25ರಂದು ಯುರೋಪಿನ ಜಿಡಿಪಿಆರ್ ಕಾನೂನು ಜಾರಿಯಾದ ಮೇಲೆ ವ್ಯಕ್ತಿಗಳ ವಿವರ ಮರೆಮಾಡುವುದು ರೂಢಿಯಾಯಿತು. ಅದು ಬೇಕಾದದ್ದೇ. ಹಳ್ಳಿಮನೆಯಲ್ಲಿ ಹೋಂಸ್ಟೇ ನಡೆಸುವವರ ಮನೆ ವಿಳಾಸ, ಸ್ವಂತ ಫೋನ್ ನಂಬರ್ ಜಗತ್ತಿಗೆಲ್ಲ ಯಾಕೆ ಕಾಣಬೇಕು?

ಹಾಗಾದರೆ ನಾವು ನೋಡಬೇಕಾದ್ದು ಎರಡು ಸಾಲು. ಒಂದು, ನೋಂದಣಿ ದಿನಾಂಕ. 'ಹದಿನೈದು ವರ್ಷದಿಂದ ನಿಮ್ಮ ಸೇವೆಯಲ್ಲಿ' ಅನ್ನುವ ತಾಣದ ಡೊಮೇನ್ ಹೋದ ವಾರ ಹುಟ್ಟಿದ್ದರೆ ಕೈ ಹಿಡಿಯಬೇಕು. ಹಳೆಯದಾದ ಮಾತ್ರಕ್ಕೆ ನಂಬಿಕಸ್ತರು ಅಂತಲೂ ಅಲ್ಲ; ಹಳೇ ಡೊಮೇನ್ ಕೊಂಡುಕೊಳ್ಳಬಹುದು. ಎರಡು, ರಿಜಿಸ್ಟ್ರಾರ್ ಹೆಸರು ಮತ್ತು ದೂರಿನ ಇಮೇಲ್. ನಮಗೆ ಕಾಣದ ವಿವರ ಅವರ ಬಳಿ ಇರುತ್ತದೆ. ತನಿಖೆಗೆ ಪೊಲೀಸರು ಕೇಳುವುದು ಅಲ್ಲೇ.

ಹಣ ಹೋಗೇಬಿಟ್ಟಿದ್ದರೆ? ಹೂಈಸ್ ಆಮೇಲೆ ನೋಡೋಣ. ಮೊದಲು 1930ಕ್ಕೆ ಫೋನ್ ಮಾಡೋಣ.