ಕುತ್ತಿಗೆಯ ಗಂಟು ಯಾವ ಕಾಲದ ಉಪ್ಪಿನ ಲೆಕ್ಕ?

ಈ ಸಲದ ಕಂತು ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲಿರುವ ಕೇಳುಗರೊಬ್ಬರ ಪ್ರಶ್ನೆಯಿಂದ. ಅವರಿಗೆ ನಲವತ್ತೆರಡು ವರ್ಷ. ಬೇರೇನಕ್ಕೋ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸಿದಾಗ ಥೈರಾಯ್ಡ್‌ನಲ್ಲಿ ಎರಡು ಗಂಟು ಕಂಡಿವೆ, ದೊಡ್ಡದು 9 ಮಿಲಿಮೀಟರ್. "ಜರ್ಮನಿಯಲ್ಲಿ ಅಯೋಡಿನ್ ಕಮ್ಮಿ ಅಂತೆ. ಜಾಸ್ತಿ ತಗೊಂಡ್ರೆ ಗಂಟು ಕರಗತ್ತಾ? ಸಮುದ್ರಪಾಚಿಯ ಮಾತ್ರೆ ತರಿಸಿಟ್ಟಿದೀನಿ" ಅಂತ ಬರೆದಿದ್ದಾರೆ. ಆ ಡಬ್ಬಿ ಸದ್ಯಕ್ಕೆ ಹಾಗೇ ಇರಲಿ. ಯಾಕೆ ಅಂತ ಹೇಳ್ತೀವಿ.

ಮೊದಲನೇದಾಗಿ, ಇವರು ಒಬ್ಬರೇ ಅಲ್ಲ. ಜರ್ಮನಿಯಲ್ಲಿ 96,278 ಉದ್ಯೋಗಿಗಳ ಥೈರಾಯ್ಡನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಸುಮಾರು ಮೂರರಲ್ಲಿ ಒಬ್ಬರಿಗೆ ಗಂಟೋ, ಗ್ರಂಥಿಯ ಊತವೋ ಇತ್ತು. ಇವರೆಲ್ಲ ದಿನಾ ಕೆಲಸಕ್ಕೆ ಹೋಗ್ತಿದ್ದ ಜನ, ರೋಗಿಗಳಲ್ಲ. ಇಂಥ ಗಂಟುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲ.

ಇಷ್ಟೊಂದು ಗಂಟು ಎಲ್ಲಿಂದ ಬಂತು? ಥೈರಾಯ್ಡ್ ಹಾರ್ಮೋನಿನ ಒಂದೊಂದು ಅಣುವಿಗೂ ಮೂರೋ ನಾಲ್ಕೋ ಅಯೋಡಿನ್ ಪರಮಾಣು ಬೇಕು. ಊಟದಲ್ಲಿ ಅದು ಕಮ್ಮಿಯಾದರೆ ಗ್ರಂಥಿ ಸುಮ್ಮನೆ ಕೂರಲ್ಲ. ಇದ್ದಷ್ಟನ್ನೂ ಹಿಡಿದುಕೊಳ್ಳೋಕೆ ಜೀವಕೋಶಗಳನ್ನು ಹೆಚ್ಚಿಸಿಕೊಳ್ಳುತ್ತೆ. ಹಾರ್ಮೋನು ಕಟ್ಟುವ ಕೆಲಸದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಳಕೆಯಾಗುತ್ತೆ, ಅದು ಡಿಎನ್‌ಎಗೆ ಒಳ್ಳೇದಲ್ಲ. ಕೋಶಗಳು ಮತ್ತೆ ಮತ್ತೆ ವಿಭಜನೆ ಆಗ್ತಾ ಇದ್ದರೆ ವರ್ಷಗಳು ಕಳೆದ ಹಾಗೆ ಎಲ್ಲೋ ಒಂದು ಕೋಶದಲ್ಲಿ ತಪ್ಪು ನುಸುಳುತ್ತೆ. ಬ್ರಸೆಲ್ಸ್‌ನ ಸಂಶೋಧಕರು 1993ರಲ್ಲಿ ಅಂಥದೊಂದು ತಪ್ಪನ್ನು ತೋರಿಸಿದರು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಕಳಿಸಿದಾಗ ಮಾತ್ರ ಥೈರಾಯ್ಡ್ ಕೆಲಸ ಮಾಡಬೇಕು. ಆ ಸಂದೇಶ ಹಿಡಿಯುವ ಗ್ರಾಹಕದ ಜೀನ್ ಕೆಟ್ಟರೆ, ಸ್ವಿಚ್ಚು ಆನ್ ಆಗಿಯೇ ಉಳಿಯುತ್ತೆ. ಆ ಕೋಶದ ಸಂತಾನವೆಲ್ಲ ಸೇರಿ, ಯಾರ ಮಾತೂ ಕೇಳದೆ ಹಾರ್ಮೋನು ಮಾಡುವ ಗಂಟಾಗುತ್ತೆ. ಇದನ್ನೇ ವೈದ್ಯರು ಬಿಸಿ ಗಂಟು ಅನ್ನೋದು. ಎಲ್ಲ ಗಂಟೂ ಇಂಥದ್ದಲ್ಲ, ಆದರೆ ಅಯೋಡಿನ್ ಕೊರತೆಯ ನಾಡಿನಲ್ಲಿ ಇವು ಹೆಚ್ಚು.

ಇಲ್ಲೊಂದು ಅಳತೆಯ ತೊಡಕಿದೆ, ನಮಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸೋದು ಇದೇ. ಅಯೋಡಿನ್ ಎಷ್ಟಿದೆ ಅಂತ ತಿಳಿಯೋದು ಮೂತ್ರ ಪರೀಕ್ಷೆಯಿಂದ. ತಿಂದ ಅಯೋಡಿನ್‌ನ ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತೆ. ಅಂದರೆ ಅದು ನಿನ್ನೆ ಮೊನ್ನೆಯ ಊಟದ ಲೆಕ್ಕ. ಗಂಟು ಮಾತ್ರ ಹತ್ತಿಪ್ಪತ್ತು ವರ್ಷದ ಲೆಕ್ಕ. ಇವತ್ತಿನ ಮೂತ್ರವನ್ನೂ ಇವತ್ತಿನ ಗಂಟನ್ನೂ ಪಕ್ಕಪಕ್ಕ ಇಟ್ಟು "ಉಪ್ಪಿನಿಂದಲೇ ಗಂಟು" ಅನ್ನುವ ಸುದ್ದಿ ಬಂದಾಗ ಸ್ವಲ್ಪ ನಿಧಾನಿಸಿ. ಅಯೋಡಿನ್ ಉಪ್ಪು ಬಂದ ಕಾಲದಲ್ಲೇ ಅಲ್ಟ್ರಾಸೌಂಡ್ ಯಂತ್ರವೂ ಊರೂರಿಗೆ ಬಂತು. ಕೈಗೆ ಸಿಗದ ಗಂಟು ಕಣ್ಣಿಗೆ ಬೀಳತೊಡಗಿತು.

ಹಾಗಿದ್ದರೆ ಈಗ ಅಯೋಡಿನ್ ಸುರಿದರೆ? ಡೆನ್ಮಾರ್ಕ್ ನೋಡಿ. ಅಲ್ಲಿ 2000ದಿಂದ ಮನೆಯ ಉಪ್ಪಿಗೂ ಬ್ರೆಡ್ಡಿನ ಉಪ್ಪಿಗೂ ಅಯೋಡಿನ್ ಕಡ್ಡಾಯ. ಶುರುವಿನಲ್ಲಿ ಪ್ರಮಾಣ ತೀರಾ ಕಮ್ಮಿ ಇತ್ತು, ಕೆಜಿಗೆ 13 ಮಿಲಿಗ್ರಾಂ. ಆದರೂ ಮೊದಲ ಕೆಲವು ವರ್ಷ ಹೈಪರ್‌ಥೈರಾಯ್ಡ್ ಪ್ರಕರಣ ಏರಿತು, ಆಮೇಲೆ ಮೊದಲಿಗಿಂತಲೂ ಕೆಳಗಿಳಿಯಿತು. ಹಸಿದಿದ್ದ ಬಿಸಿ ಗಂಟಿಗೆ ಅಯೋಡಿನ್ ಸಿಕ್ಕರೆ ಅದು ಲಂಗುಲಗಾಮಿಲ್ಲದೆ ಹಾರ್ಮೋನು ಮಾಡುತ್ತೆ. ಎದೆ ಡವಡವ, ತೂಕ ಇಳಿಕೆ, ವಯಸ್ಸಾದವರಲ್ಲಿ ಹೃದಯದ ಬಡಿತವೇ ಏರುಪೇರು.

ಸಮುದ್ರಪಾಚಿಯ ಭಯ ಅದಕ್ಕೇ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ, ಯುರೋಪಿನಲ್ಲಿ ಮೇಲ್ಮಿತಿ 600. ಕೊಂಬು ಅನ್ನುವ ಪಾಚಿ ಒಣಗಿದ್ದು ಒಂದೇ ಗ್ರಾಂನಲ್ಲಿ ಸಾವಿರ ದಾಟಬಹುದು. ಸಿಟಿ ಸ್ಕ್ಯಾನ್‌ಗೆ ಮುಂಚೆ ಕೊಡುವ ಕಾಂಟ್ರಾಸ್ಟ್ ಚುಚ್ಚುಮದ್ದಿನಲ್ಲಂತೂ ಅಯೋಡಿನ್ ಗ್ರಾಂಗಟ್ಟಲೆ ಇರುತ್ತೆ. ಥೈರಾಯ್ಡ್‌ನಲ್ಲಿ ಗಂಟಿದೆ ಅಂತ ಅಲ್ಲಿ ತಪ್ಪದೆ ಹೇಳಿ.

ಇನ್ನು ಕರಗುವ ಮಾತು. ಜರ್ಮನಿಯಲ್ಲೇ ನಡೆದ, 2011ರಲ್ಲಿ ಪ್ರಕಟವಾದ ಲೀಸಾ ಪ್ರಯೋಗದಲ್ಲಿ ಅಯೋಡಿನ್ ಒಂದನ್ನೇ ಕೊಟ್ಟಾಗ ಒಂದು ವರ್ಷದಲ್ಲಿ ಗಂಟು ಕುಗ್ಗಿದ್ದು ಅತ್ಯಲ್ಪ. ಥೈರಾಯ್ಡ್ ಹಾರ್ಮೋನಿನ ಜತೆ ಕೊಟ್ಟಾಗ ಗಾತ್ರ ಸುಮಾರು 17% ಇಳಿಯಿತು. ಕುಗ್ಗಿತು, ಮಾಯವಾಗಲಿಲ್ಲ.

ಅಯೋಡಿನ್ ಬೇಡ ಅಂತಲ್ಲ, ಮತ್ತೆ. ನಮ್ಮವರ ಅಡುಗೆಮನೆಯಲ್ಲೇ ಒಂದು ತೂತಿದೆ: ಮೀನು ತಿನ್ನಲ್ಲ, ಹಾಲು ಬಿಟ್ಟು ಓಟ್ಸ್ ಹಾಲಿಗೆ ಹೋಗಿರ್ತೀವಿ, ಇಂಡಿಯನ್ ಅಂಗಡಿಯಿಂದ ತರೋದು ಸೈಂಧವ ಲವಣ. ಅದರಲ್ಲಿ ಅಯೋಡಿನ್ ಇಲ್ಲವೇ ಇಲ್ಲ ಅನ್ನಬಹುದು. ಇಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ "ಯೋಡ್‌ಸಾಲ್ಸ್" ಅಂತ ಬರೆದ ಪೊಟ್ಟಣ ತಗೊಳ್ಳಿ. ಕೆಜಿಗೆ 15ರಿಂದ 25 ಮಿಲಿಗ್ರಾಂ ಇರುತ್ತೆ, ಅಂದರೆ 5 ಗ್ರಾಂ ಉಪ್ಪಿನಿಂದ ಸುಮಾರು 100 ಮೈಕ್ರೋಗ್ರಾಂ. ಗರ್ಭಿಣಿಯರಿಗೆ 250 ಬೇಕು, ಅವರು ವೈದ್ಯರನ್ನು ಕೇಳಿಯೇ ಮಾತ್ರೆ ತಗೊಳ್ಳಲಿ.

ಸ್ಟುಟ್‌ಗಾರ್ಟ್‌ನ ಕೇಳುಗರಿಗೆ: ಮೊದಲು ರಕ್ತದಲ್ಲಿ ಟಿಎಸ್‌ಎಚ್ ನೋಡಿಸಿ. ಕಮ್ಮಿ ಬಂದರೆ ಬಿಸಿ ಗಂಟು ಇದೆಯಾ ಅಂತ ಸಿಂಟಿಗ್ರಫಿ ಮಾಡ್ತಾರೆ. ಸರಿಯಾಗಿದ್ದು, ಅಲ್ಟ್ರಾಸೌಂಡ್‌ನಲ್ಲಿ ಅನುಮಾನದ ಲಕ್ಷಣ ಇಲ್ಲದಿದ್ದರೆ, 9 ಮಿಲಿಮೀಟರ್ ಗಂಟಿಗೆ ಸಾಮಾನ್ಯವಾಗಿ ಸೂಜಿ ಕೂಡ ಹಾಕಲ್ಲ. ಮತ್ತೆ ಯಾವಾಗ ಬರಬೇಕು ಅಂತ ಹೇಳಿ ಕಳಿಸ್ತಾರೆ. ವರದಿ ಬಂದ ಮೇಲೆ ನಮಗೊಂದು ಸಾಲು ಬರೀರಿ.